ಮಿತಿ ಇರಲಿ, ಮರೆ ಬೇಡ

'ಅನ್‌ಲಿಮಿಟೆಡ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಹೆಚ್ಚಿನ ಮೊಬೈಲ್ ಪ್ಲ್ಯಾನ್‌ಗಳಲ್ಲಿ ಡೇಟಾಕ್ಕೆ ಮಿತಿ ಇದ್ದೇ ಇರುತ್ತದೆ. ಕರೆಗಳಿಗೆ ಲೆಕ್ಕವಿಲ್ಲ, ಡೇಟಾ ಮಾತ್ರ ದಿನಕ್ಕೆ ಒಂದು, ಒಂದೂವರೆ, ಎರಡು ಅಥವಾ ಮೂರು ಜಿಬಿ. ದಿನದ ಪಾಲು ಮುಗಿದ ಮೇಲೆ ಸಂಪರ್ಕ ಪೂರ್ತಿ ಕಡಿಯುವುದಿಲ್ಲ, ವೇಗ ಇಳಿಯುತ್ತದೆ. ಜಿಯೊ, ಏರ್‌ಟೆಲ್ ಮತ್ತು ವಿ (ವೊಡಾಫೋನ್ ಐಡಿಯಾ) ಕಂಪನಿಗಳ ಸಾಮಾನ್ಯ ಪ್ರೀಪೇಯ್ಡ್ ಪ್ಲ್ಯಾನ್‌ಗಳಲ್ಲಿ ಅದು ಸೆಕೆಂಡಿಗೆ 64 ಕಿಲೊಬಿಟ್‌ಗೆ, ಬಿಎಸ್ಸೆನ್ನೆಲ್‌ನ ಹಲವು ಪ್ಲ್ಯಾನ್‌ಗಳಲ್ಲಿ 40 ಕಿಲೊಬಿಟ್‌ಗೆ ಬಂದು ನಿಲ್ಲುತ್ತದೆ. ಕಂಪನಿಗಳು ಇದನ್ನು 'ನ್ಯಾಯಯುತ ಬಳಕೆ ನೀತಿ' ಎನ್ನುತ್ತವೆ. ಕರೆನ್ಸಿ ಹಾಕಿಸಲು ಅಂಗಡಿಗೆ ಬರುವವರು 'ನೆಟ್ ಖಾಲಿ' ಎನ್ನುತ್ತಾರೆ. ಕಂಪನಿಯ ಲೆಕ್ಕದಲ್ಲಿ ಇಂಟರ್ನೆಟ್ ಇದೆ, ನಿಧಾನವಾಗಿದೆ ಅಷ್ಟೆ. ಬಳಸುವವರ ಲೆಕ್ಕದಲ್ಲಿ ಅದು ಇಲ್ಲ.

ಹೆಚ್ಚು ಡೇಟಾ ಬಳಸುವವರಿಗೆ ಮಿತಿ ಹಾಕುವುದೇ ಅನ್ಯಾಯ ಎಂಬ ವಾದವನ್ನು ಒಪ್ಪಲಾಗದು. ಮೊಬೈಲ್ ತರಂಗಾಂತರ ಎಲ್ಲರೂ ಹಂಚಿಕೊಂಡು ಬಳಸಬೇಕಾದ ಸಂಪತ್ತು. ಹಂಚಿಕೆ ಇದ್ದಲ್ಲಿ ಅಳತೆಯೂ ಇರಬೇಕು. ಅನ್ಯಾಯ ನಡೆಯುತ್ತಿರುವುದು ಬೇರೆ ಮೂರು ಕಡೆ. ಮಿತಿ ಇರುವ ಸರಕನ್ನು ಮಿತಿಯಿಲ್ಲ ಎಂದು ಹೇಳಿ ಮಾರಲಾಗುತ್ತಿದೆ. ಟವರ್ ಮೇಲಿನ ಒತ್ತಡಕ್ಕೆ ಸಂಬಂಧವೇ ಇಲ್ಲದ ದಿನದ ಲೆಕ್ಕದಿಂದ ಬಳಕೆಯನ್ನು ಅಳೆಯಲಾಗುತ್ತಿದೆ. ಮಿತಿ ದಾಟಿದವರಿಗೆ ಯಾವ ಕೆಲಸಕ್ಕೂ ಬಾರದಷ್ಟು ವೇಗ ಉಳಿಸಲಾಗುತ್ತಿದೆ. ಈ ಮೂರನ್ನೂ ಸರಿಪಡಿಸಲು ಸಾಧ್ಯವಿದೆ.

ದಿನದ ಪಾಲು ಬಂದ ಬಗೆ

ಬಳಕೆಗೆ ಮಿತಿ ಹಾಕುವ ಪದ್ಧತಿ ಮೊಬೈಲ್‌ಗಿಂತ ಮೊದಲೇ ಇತ್ತು. ಬಿಎಸ್ಸೆನ್ನೆಲ್ 2005ರಲ್ಲಿ ಸ್ಥಿರ ದೂರವಾಣಿಯ ತಂತಿಯ ಮೇಲೆ 'ಡೇಟಾ ಒನ್' ಬ್ರಾಡ್‌ಬ್ಯಾಂಡ್ ಆರಂಭಿಸಿತು. ಅದರ ಜನಪ್ರಿಯ ಮನೆ ಪ್ಲ್ಯಾನ್ ಒಂದರಲ್ಲಿ ಹಗಲಿನ ಬಳಕೆಗೆ ಮಿತಿ ಇತ್ತು. ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗಿನ ಬಳಕೆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ದೊಡ್ಡ ಕಡತ ಇಳಿಸಿಕೊಳ್ಳಬೇಕಾದ ವಿದ್ಯಾರ್ಥಿಗಳು ಅಲಾರಂ ಇಟ್ಟು ಏಳುತ್ತಿದ್ದರು. ಅನನುಕೂಲವಿದ್ದರೂ ಆ ಮಿತಿಗೊಂದು ತರ್ಕವಿತ್ತು: ಜಾಲ ಖಾಲಿ ಇರುವ ಹೊತ್ತಿನಲ್ಲಿ ಬಳಸಿದರೆ ಇನ್ನೊಬ್ಬರ ಪಾಲಿಗೆ ಕುತ್ತು ಬರುವುದಿಲ್ಲ, ಆದ್ದರಿಂದ ಅದಕ್ಕೆ ಲೆಕ್ಕವೂ ಬೇಡ.

ಮೊಬೈಲ್ ಡೇಟಾ ಆಗ ದುಬಾರಿ ವಸ್ತು. ಸರ್ಕಾರದ ಅಂಕಿಅಂಶದಂತೆ 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಇತ್ತು. ಚಂದಾದಾರರೊಬ್ಬರ ತಿಂಗಳ ಸರಾಸರಿ ಬಳಕೆ ಸುಮಾರು 62 ಎಂಬಿ. 2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಶುರುವಾದಾಗ ಈ ಲೆಕ್ಕ ತಲೆಕೆಳಗಾಯಿತು. ಮೊದಲ ತಿಂಗಳುಗಳಲ್ಲಿ ಡೇಟಾ ಉಚಿತ. ದಿನಕ್ಕೆ 4 ಜಿಬಿವರೆಗೆ ಪೂರ್ಣ ವೇಗ. 2017ರ ಜನವರಿಯಿಂದ ಆ ಪಾಲು 1 ಜಿಬಿಗೆ ಇಳಿಯಿತು. ಉಚಿತ ಕೊಡುಗೆ ದುರುಪಯೋಗವಾಗದಿರಲು ಹಾಕಿದ್ದ ಈ ದಿನದ ಪಾಲು, ಹಣ ಕೊಟ್ಟು ಕೊಳ್ಳುವ ಪ್ಲ್ಯಾನ್‌ಗಳಿಗೂ ಬಂದು ಕೆಲವೇ ತಿಂಗಳಲ್ಲಿ ಎಲ್ಲ ಕಂಪನಿಗಳ ಸಾಮಾನ್ಯ ರೂಢಿಯಾಯಿತು.

ದರ ಇಳಿದದ್ದು ನಿಜವಾದ ಸಾಧನೆ, ಅದನ್ನು ಮರೆಯಬಾರದು. 2024ರ ಹೊತ್ತಿಗೆ ಒಂದು ಜಿಬಿಯ ಸರಾಸರಿ ದರ ಸುಮಾರು 9 ರೂಪಾಯಿಗೆ ಬಂದಿತ್ತು. ಚಂದಾದಾರರೊಬ್ಬರ ತಿಂಗಳ ಬಳಕೆ 20 ಜಿಬಿ ದಾಟಿತ್ತು. ಭದ್ರಾವತಿಯ ಕಾರ್ಮಿಕನ ಮಗಳು ಬೆಂಗಳೂರಿನ ಕೋಚಿಂಗ್ ತರಗತಿಯನ್ನು ಮನೆಯಲ್ಲೇ ಕುಳಿತು ನೋಡುವುದು ಈ ಇಳಿಕೆಯಿಂದಲೇ ಸಾಧ್ಯವಾಯಿತು. ಆದರೆ ಇದೇ ಅವಧಿಯಲ್ಲಿ ಕಂಪನಿಗಳ ಸಂಖ್ಯೆಯೂ ಇಳಿಯಿತು. ಏರ್‌ಸೆಲ್ ಮುಚ್ಚಿತು, ಟಾಟಾ ಡೊಕೊಮೊ ಏರ್‌ಟೆಲ್‌ನಲ್ಲಿ ಸೇರಿತು, 2018ರ ಆಗಸ್ಟ್‌ನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಮೂರು ಖಾಸಗಿ ಕಂಪನಿಗಳು ಮತ್ತು ಬಿಎಸ್ಸೆನ್ನೆಲ್ ಉಳಿದವು.

2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ಬೆನ್ನುಬೆನ್ನಿಗೇ ದರ ಏರಿಸಿದವು. ದಿನಕ್ಕೆ 1.5 ಜಿಬಿ ಕೊಡುವ ಜಿಯೊದ 28 ದಿನಗಳ ಪ್ಲ್ಯಾನ್ 239ರಿಂದ 299 ರೂಪಾಯಿಗೆ ಏರಿತು. ಅದುವರೆಗೆ 239ರ ದರಕ್ಕೇ ಸಿಗುತ್ತಿದ್ದ ಮಿತಿಯಿಲ್ಲದ 5ಜಿ, ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಮೇಲಿನ ಪ್ಲ್ಯಾನ್‌ಗಳಿಗೆ ಸೀಮಿತವಾಯಿತು.

ಮಿತಿ ಏಕೆ ಬೇಕು

ಒಂದು ಟವರ್‌ನ ಆಂಟೆನಾಗಳು ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖಮಾಡಿರುತ್ತವೆ. ಒಂದೊಂದು ದಿಕ್ಕಿನ ಸಾಮರ್ಥ್ಯವನ್ನು ಆ ಬದಿಯ ಎಲ್ಲ ಫೋನ್‌ಗಳೂ ಹಂಚಿಕೊಳ್ಳಬೇಕು. 20 ಮೆಗಾಹರ್ಟ್ಸ್ ಅಗಲದ 4ಜಿ ತರಂಗಾಂತರದಿಂದ, ಎರಡು ಆಂಟೆನಾಗಳ ಸಾಮಾನ್ಯ ವ್ಯವಸ್ಥೆಯಲ್ಲಿ, ಸೈದ್ಧಾಂತಿಕವಾಗಿ ಸೆಕೆಂಡಿಗೆ 150 ಮೆಗಾಬಿಟ್ ಸಿಗಬಹುದು. ವಾಸ್ತವದಲ್ಲಿ ಸಿಗುವುದು ಬಹಳ ಕಡಿಮೆ. ಆ ಬದಿಗೆ 40 ಮೆಗಾಬಿಟ್ ಸಿಗುತ್ತಿದೆ ಎಂದುಕೊಂಡರೆ, ತಲಾ 2 ಮೆಗಾಬಿಟ್ ಬೇಡುವ 20 ವಿಡಿಯೊಗಳು ಒಟ್ಟಿಗೆ ಓಡುವಷ್ಟರಲ್ಲಿ ಅದು ತುಂಬಿಹೋಗುತ್ತದೆ. ರಾತ್ರಿ ಎಂಟರಿಂದ ಹತ್ತರವರೆಗೆ ಶಿವಮೊಗ್ಗದ ರಾಗಿಗುಡ್ಡ, ಗೋಪಾಳ, ವಿನೋಬನಗರದಂಥ ಜನವಸತಿ ಪ್ರದೇಶಗಳಲ್ಲಿ ಒಂದು ಟವರ್‌ನ ಒಂದು ಬದಿಗೆ 20ಕ್ಕಿಂತ ಎಷ್ಟೋ ಹೆಚ್ಚು ಫೋನ್‌ಗಳಿರುತ್ತವೆ ಎಂಬುದನ್ನು ಹೇಳಬೇಕಾಗಿಲ್ಲ.

ದೂರವೂ ಇಲ್ಲಿ ಮುಖ್ಯ. ಟವರ್ ಹತ್ತಿರದ ಫೋನ್‌ಗೆ ಒಂದು ಎಂಬಿ ಕಳಿಸಲು ಹಿಡಿಯುವ ಸಮಯಕ್ಕಿಂತ, ಗುಡ್ಡದ ಮರೆಯಲ್ಲೋ ದಪ್ಪ ಗೋಡೆಯ ಹಿಂದೋ ಇರುವ ಫೋನ್‌ಗೆ ಅದೇ ಒಂದು ಎಂಬಿ ಕಳಿಸಲು ಹಲವು ಪಟ್ಟು ಹೆಚ್ಚು ಸಮಯ ಬೇಕು. ಸಿಗ್ನಲ್ ಕ್ಷೀಣವಾದಷ್ಟೂ ಒಂದೊಂದು ಸಲಕ್ಕೆ ಕಳಿಸಬಹುದಾದ ಮಾಹಿತಿ ಕಡಿಮೆಯಾಗುತ್ತದೆ. ಹೀಗಾಗಿ ಟವರ್ ತುಂಬಿದ ಹೊತ್ತಿನಲ್ಲಿ ಮೊದಲು ಬಳಲುವುದು ಅಂಚಿನ ಮನೆಗಳು.

ಶಿವಮೊಗ್ಗ, ಭದ್ರಾವತಿಯ ಸುತ್ತಲಿನ ರೈತರಿಗೆ ಈ ಚಿತ್ರ ಹೊಸದಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರು ಎಡದಂಡೆ, ಬಲದಂಡೆ ನಾಲೆಗಳಲ್ಲಿ ಹರಿದು ದಾವಣಗೆರೆ ಜಿಲ್ಲೆಯವರೆಗೂ ಹೋಗಬೇಕು. ನಾಲೆಯ ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ಎತ್ತುವವರು ಹೆಚ್ಚಾದರೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ತಲುಪುವುದಿಲ್ಲ. ಒಂದು ಸಿಮ್ಮನ್ನು ರೂಟರ್‌ಗೆ ಹಾಕಿ ಇಡೀ ಕಟ್ಟಡಕ್ಕೆ ವೈಫೈ ಹಂಚುವವರು, ಹಗಲೂ ರಾತ್ರಿ ಸಿನಿಮಾ ಇಳಿಸುವವರು, ಮೊಬೈಲ್ ಸಿಮ್ಮಿನಲ್ಲೇ ಕಚೇರಿ ನಡೆಸುವವರು ಮೇಲ್ಭಾಗದ ಪಂಪ್‌ಸೆಟ್‌ನವರ ಸ್ಥಾನದಲ್ಲಿದ್ದಾರೆ. ಅವರ ಬಳಕೆಗೆ ಅಳತೆಯೇ ಬೇಡ ಎಂದರೆ ಪಕ್ಕದ ಮನೆಯ ವಿದ್ಯಾರ್ಥಿಯ ತರಗತಿ ನಿಂತು ನಿಂತು ಓಡುತ್ತದೆ.

'ದುಡ್ಡು ಕೊಟ್ಟಿದ್ದೇವೆ, ಎಷ್ಟಾದರೂ ಬಳಸುತ್ತೇವೆ' ಎಂಬ ವಾದಕ್ಕೆ ಹೋಟೆಲಿನ ಫುಲ್ ಮೀಲ್ಸ್ ಉದಾಹರಣೆ ಕೊಡುವುದುಂಟು. ಫುಲ್ ಮೀಲ್ಸ್‌ನಲ್ಲಿ ಬೇಕಾದಷ್ಟು ಅನ್ನ ಬಡಿಸಿದರೂ ಮಾಲೀಕನಿಗೆ ನಷ್ಟವಾಗುವುದಿಲ್ಲ, ಏಕೆಂದರೆ ಹೊಟ್ಟೆಗೆ ತನ್ನದೇ ಮಿತಿ ಇದೆ. ಡೇಟಾಕ್ಕೆ ಅಂಥ ಹೊಟ್ಟೆ ಇಲ್ಲ. ಯಾರೂ ನೋಡದಿದ್ದರೂ ಫೋನು ಇಪ್ಪತ್ತನಾಲ್ಕು ಗಂಟೆ ಡೇಟಾ ಎಳೆಯುತ್ತಲೇ ಇರಬಲ್ಲದು. ಸಹಜ ಮಿತಿ ಇಲ್ಲದ ಕಡೆ ಮನುಷ್ಯರೇ ಮಿತಿ ಹಾಕಿಕೊಳ್ಳಬೇಕಾಗುತ್ತದೆ.

64 ಕಿಲೊಬಿಟ್ ಎಂದರೆ ಎಷ್ಟು

ಸೆಕೆಂಡಿಗೆ 64 ಕಿಲೊಬಿಟ್ ಎಂದರೆ 8 ಕಿಲೊಬೈಟ್. ವಾಟ್ಸ್‌ಆ್ಯಪ್‌ನಲ್ಲಿ ಬಂದ 2 ಎಂಬಿಯ ಫೋಟೊ ತೆರೆಯಲು ನಾಲ್ಕು ನಿಮಿಷ ದಾಟುತ್ತದೆ. ಶಿಕ್ಷಕರು ಕಳಿಸಿದ 5 ಎಂಬಿಯ ಪಿಡಿಎಫ್ ಟಿಪ್ಪಣಿ ಇಳಿಸಲು ಹತ್ತು ನಿಮಿಷ ಸಾಲುವುದಿಲ್ಲ. ವಿಡಿಯೊ ತರಗತಿ ಸಾಧ್ಯವೇ ಇಲ್ಲ. ಈ ವೇಗದಲ್ಲಿ ಒಂದು ಕ್ಷಣವೂ ನಿಲ್ಲದೆ ಇಪ್ಪತ್ತನಾಲ್ಕು ಗಂಟೆ ಡೇಟಾ ಹರಿದರೂ ಒಟ್ಟು 0.7 ಜಿಬಿ ಆಗುವುದಿಲ್ಲ. ಪಾಲು ಮುಗಿದ ಮೇಲೂ ಮಿತಿಯಿಲ್ಲದ ಡೇಟಾ ಎಂದು ಹೇಳಿಕೊಳ್ಳುವ ಸೌಲಭ್ಯಕ್ಕೂ ಗಣಿತ ಹೀಗೆ ಗಟ್ಟಿ ಮಿತಿ ಹಾಕಿಟ್ಟಿದೆ.

ಯುಪಿಐ ಪಾವತಿಗೆ ಬೇಕಾಗುವುದು ಕೆಲವೇ ಕಿಲೊಬೈಟ್. ಲೆಕ್ಕದ ಪ್ರಕಾರ ಅದು 64 ಕಿಲೊಬಿಟ್‌ನಲ್ಲೂ ನಡೆಯಬೇಕು. ಆದರೆ ಫೋನಿನಲ್ಲಿ ಅದೊಂದೇ ಓಡುತ್ತಿರುವುದಿಲ್ಲ. ಹತ್ತಾರು ಆ್ಯಪ್‌ಗಳು ಹಿನ್ನೆಲೆಯಲ್ಲಿ ಅದೇ ಸಣ್ಣ ದಾರಿಯಲ್ಲಿ ನುಗ್ಗುತ್ತಿರುತ್ತವೆ. ಪಾವತಿ ಆ್ಯಪ್ ಇಂತಿಷ್ಟು ಸೆಕೆಂಡಿನೊಳಗೆ ಉತ್ತರ ಬರದಿದ್ದರೆ ಕೈಬಿಡುತ್ತದೆ. ತರಕಾರಿ ಗಾಡಿಯ ಮುಂದೆ, ಕ್ಯೂಆರ್ ಕೋಡ್‌ಗೆ ಹಿಡಿದ ಫೋನಿನ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಹಣ ಹೋಯಿತೋ ಇಲ್ಲವೋ ತಿಳಿಯದೆ ಕೊಟ್ಟವರೂ ಕಾಯುತ್ತಾರೆ, ತಗೊಂಡವರೂ ಕಾಯುತ್ತಾರೆ.

ಅಳತೆಗೋಲನ್ನು ಸರ್ಕಾರವೇ ಕೊಟ್ಟಿದೆ. 2004ರಲ್ಲಿ 256 ಕಿಲೊಬಿಟ್ ವೇಗವಿದ್ದರೆ ಬ್ರಾಡ್‌ಬ್ಯಾಂಡ್ ಎನ್ನಬಹುದಿತ್ತು. ಮುಂದೆ ಅದು 512 ಆಯಿತು. 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು. ಈ ಕನಿಷ್ಠ ಅಳತೆಯ ಮೂವತ್ತರಲ್ಲಿ ಒಂದು ಪಾಲೂ 64 ಕಿಲೊಬಿಟ್‌ನಲ್ಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರ ಅಕ್ಟೋಬರ್ 31ರಂದು ಹೊರಡಿಸಿದ ನಿರ್ದೇಶನದಲ್ಲಿ, ತಂತಿಯ ಬ್ರಾಡ್‌ಬ್ಯಾಂಡ್ ಗ್ರಾಹಕರ ಪಾಲು ಮುಗಿದ ಮೇಲೂ ವೇಗವನ್ನು 512 ಕಿಲೊಬಿಟ್‌ಗಿಂತ ಕೆಳಗೆ ಇಳಿಸಬಾರದು ಎಂದಿತು. ಮೊಬೈಲ್ ಗ್ರಾಹಕರಿಗೆ ಅಂಥ ತಳಮಟ್ಟವನ್ನು ನಿಗದಿ ಮಾಡಲಿಲ್ಲ. ಮನೆಗೆ ಫೈಬರ್ ಎಳೆಸಿಕೊಳ್ಳುವ ಶಕ್ತಿ ಇದ್ದವರಿಗೆ ಸಿಕ್ಕ ರಕ್ಷಣೆ, ಮೊಬೈಲ್ ಒಂದನ್ನೇ ನಂಬಿದವರಿಗೆ ಸಿಗಲಿಲ್ಲ.

ದಿನದ ಲೆಕ್ಕದ ದೋಷ

ಈಗಿನ ಮಿತಿ ಯಾರನ್ನು ಹಿಡಿಯುತ್ತದೆ ಎಂಬುದನ್ನು ನೋಡಲು ರಾಗಿಗುಡ್ಡದ ಒಂದು ಬಾಡಿಗೆ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಪ್ಪ ಆಟೊ ಓಡಿಸುತ್ತಾನೆ, ಮಗಳು ಪಿಯುಸಿ ಓದುತ್ತಾಳೆ, ಮನೆಗೆಲ್ಲ ದಿನಕ್ಕೆ 1.5 ಜಿಬಿಯ ಒಂದೇ ಫೋನು. ವಾರದ ಆರು ದಿನ ಅಪ್ಪನ ಕೈಯಲ್ಲಿರುವ ಫೋನಿಗೆ ದಿನಕ್ಕೆ 0.8 ಜಿಬಿ ಸಾಕು. ಭಾನುವಾರ ಫೋನು ಮಗಳ ಕೈಗೆ ಬರುತ್ತದೆ. ವಾರವಿಡೀ ಬಾಕಿ ಉಳಿದ ಪಾಠಗಳನ್ನು ನೋಡಲು ಅವಳಿಗೆ 3 ಜಿಬಿ ಬೇಕು.

28 ದಿನಗಳಿಗೆ ಈ ಮನೆ ಹಣ ಕೊಟ್ಟಿರುವುದು 42 ಜಿಬಿಗೆ. ಒಟ್ಟು ಅಗತ್ಯ 31.2 ಜಿಬಿ. ಲೆಕ್ಕದ ಪ್ರಕಾರ ಹತ್ತು ಜಿಬಿಗೂ ಹೆಚ್ಚು ಮಿಗಬೇಕು. ಆದರೂ ನಾಲ್ಕೂ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಪಾಠ ನಿಲ್ಲುತ್ತದೆ. ವಾರದ ದಿನಗಳಲ್ಲಿ ಉಳಿದ 16.8 ಜಿಬಿ ಆಯಾ ದಿನದ ನಡುರಾತ್ರಿಯೇ ಕಳೆದುಹೋಗಿರುತ್ತದೆ. ಭಾನುವಾರಗಳಿಗೆ ಕೊರತೆ ಬಿದ್ದ 6 ಜಿಬಿಗೆ ಮತ್ತೆ ಹಣ ಕೊಡಬೇಕು. 2024ರ ಜುಲೈ ನಂತರದ ಜಿಯೊ ದರದಂತೆ ಹೆಚ್ಚುವರಿ 1 ಜಿಬಿಗೆ 19 ರೂಪಾಯಿ, 2 ಜಿಬಿಗೆ 29 ರೂಪಾಯಿ. ನಾಲ್ಕು ಭಾನುವಾರಕ್ಕೆ 116 ರೂಪಾಯಿ ಸೇರಿದರೆ 299ರ ಪ್ಲ್ಯಾನ್ 415 ಆಗುತ್ತದೆ. ಈ ಮನೆ ಅತಿಬಳಕೆದಾರರ ಸಾಲಿಗೆ ಸೇರುವುದಿಲ್ಲ. ತಾನು ಕೊಂಡದ್ದನ್ನು ಪೂರ್ತಿ ಬಳಸಿಯೂ ಇಲ್ಲ.

ಇದೇ ನಿಯಮದಡಿ, ದಿನಕ್ಕೆ 3 ಜಿಬಿಯ ಪ್ಲ್ಯಾನ್ ಇರುವವರು ಪ್ರತಿ ರಾತ್ರಿ ಒಂಬತ್ತಕ್ಕೆ, ಟವರ್ ಉಸಿರುಗಟ್ಟಿರುವ ಹೊತ್ತಿನಲ್ಲೇ, ಅಷ್ಟನ್ನೂ ಬಳಸಿದರೂ ಅಡ್ಡಿ ಇಲ್ಲ. ಭಾನುವಾರ ಮುಂಜಾನೆ ಐದಕ್ಕೆ ಟವರ್ ಖಾಲಿ ಇರುವಾಗ ಓದುವ ಹುಡುಗಿಯ ಬಳಕೆಯೂ ಅಷ್ಟೇ ತೂಕದ್ದು. ದಟ್ಟಣೆ ತಡೆಯುವುದೇ ಉದ್ದೇಶವಾಗಿದ್ದರೆ ಅಳೆಯಬೇಕಾದದ್ದು ದಟ್ಟಣೆಯನ್ನು. ದಿನದ ಪಾಲು ಅಳೆಯುವುದು ಅದನ್ನಲ್ಲ. ಪ್ಲ್ಯಾನ್‌ನೊಳಗಿನ ಒಂದು ಜಿಬಿಗೆ ಸುಮಾರು 7 ರೂಪಾಯಿ ಬಿದ್ದರೆ, ಪಾಲು ಮುಗಿದ ಮೇಲೆ ಕೊಳ್ಳುವ ಒಂದು ಜಿಬಿಗೆ 19 ರೂಪಾಯಿ. ಇಷ್ಟು ವ್ಯತ್ಯಾಸ ಇರುವಾಗ ದಿನದ ಪಾಲು ಹಂಚಿಕೆಯ ಸಾಧನಕ್ಕಿಂತ ಮಾರಾಟದ ಸಾಧನವಾಗಿಯೇ ಹೆಚ್ಚು ಕೆಲಸ ಮಾಡುತ್ತದೆ.

5ಜಿಯ ಹಂಚಿಕೆ ಈ ಅಸಮತೆಯನ್ನು ಹೆಚ್ಚಿಸಿದೆ. 5ಜಿ ಬಳಸುವ 3.3 ಗಿಗಾಹರ್ಟ್ಸ್ ಪಟ್ಟಿ ಹೆಚ್ಚು ಅಗಲವಾದದ್ದು. ಅಲ್ಲಿ ಜಾಗವಿದೆ ಎಂಬ ಕಾರಣಕ್ಕೇ ಕಂಪನಿಗಳಿಗೆ ಮಿತಿಯಿಲ್ಲದ 5ಜಿ ಕೊಡಲು ಸಾಧ್ಯವಾಗಿದೆ. ಆದರೆ ಆ ಜಾಗಕ್ಕೆ ಹೋಗಲು 5ಜಿ ಫೋನು ಬೇಕು, ಜಿಯೊದಲ್ಲಾದರೆ, 2024ರ ಜುಲೈ ನಂತರದ ದರದಂತೆ, 28 ದಿನಕ್ಕೆ 349 ರೂಪಾಯಿಯ ಪ್ಲ್ಯಾನ್ ಬೇಕು. ಹಳೆಯ 4ಜಿ ಫೋನು, ಅಗ್ಗದ ಪ್ಲ್ಯಾನ್ ಇದ್ದವರು ಇಕ್ಕಟ್ಟಾದ ಪಟ್ಟಿಯಲ್ಲೇ ದಿನದ ಪಾಲು ಎಣಿಸುತ್ತ ಉಳಿಯುತ್ತಾರೆ.

ಮಾತು ಮತ್ತು ಕಾನೂನು

ಜಾಹೀರಾತುಗಳು 'ಅನ್‌ಲಿಮಿಟೆಡ್' ಎಂಬುದನ್ನು ಕನ್ನಡದಲ್ಲಿ 'ಅನಿಯಮಿತ' ಎಂದು ಬರೆಯುತ್ತವೆ. ಕನ್ನಡದಲ್ಲಿ ಅನಿಯಮಿತ ಎಂದರೆ ನಿಯಮಕ್ಕೆ ಒಳಪಡದ್ದು, ಕ್ರಮವಿಲ್ಲದ್ದು. ಮಿತಿ ಇಲ್ಲದ್ದಕ್ಕೆ 'ಅಮಿತ', 'ಅಪರಿಮಿತ' ಎಂಬ ಪದಗಳಿವೆ. ಪದ ತಪ್ಪಿದ್ದು ಬರಿಯ ಭಾಷೆಯ ವಿಷಯವಲ್ಲ. ನಿಯಮ ಮತ್ತು ಮಿತಿ ಬೇರೆ ಬೇರೆ. ಡೇಟಾ ವ್ಯವಹಾರದಲ್ಲಿ ಮಿತಿ ಧಾರಾಳವಾಗಿದೆ, ಕೊರತೆ ಇರುವುದು ಎಲ್ಲರಿಗೂ ಗೊತ್ತಾಗುವಂಥ ನಿಯಮಕ್ಕೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ದಾರಿತಪ್ಪಿಸುವ ಜಾಹೀರಾತುಗಳ ಕುರಿತು ಮಾರ್ಗಸೂಚಿ ಹೊರಡಿಸಿತು. ದಾರಿತಪ್ಪಿಸುವ ಮಾತನ್ನು ದೊಡ್ಡದಾಗಿ ಹೇಳಿ, ಅದನ್ನು ಅಡಿಟಿಪ್ಪಣಿಯಲ್ಲಿ ತಿದ್ದುವಂತಿಲ್ಲ. ಮುಖ್ಯ ಮಾಹಿತಿಯನ್ನು ಬಚ್ಚಿಡುವಂತಿಲ್ಲ. ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು ಎಂದು ಅದು ಹೇಳುತ್ತದೆ. ಕನ್ನಡದಲ್ಲಿ 'ಅನಿಯಮಿತ' ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ 'ಷರತ್ತು ಅನ್ವಯ' ಎಂದರೆ ಆ ಮಾರ್ಗಸೂಚಿಯ ಆಶಯಕ್ಕೆ ನೇರವಾಗಿ ವಿರುದ್ಧ. ಟ್ರಾಯ್‌ನ 2016ರ ನಿರ್ದೇಶನವೂ ಮಿತಿ ಎಷ್ಟು, ಮಿತಿಯೊಳಗಿನ ವೇಗ ಎಷ್ಟು, ದಾಟಿದ ಮೇಲಿನ ವೇಗ ಎಷ್ಟು ಎಂಬುದನ್ನು ತಿಳಿಸಲು ಹೇಳಿದೆ. ಪಾಲು ಕರಗುತ್ತ ಬಂದಂತೆ ಗ್ರಾಹಕರಿಗೆ ಸಂದೇಶ ಕಳಿಸಲೂ ಹೇಳಿದೆ.

ಹೊರದೇಶಗಳಲ್ಲಿ ಈ ಪ್ರಶ್ನೆ ಇತ್ಯರ್ಥವಾದ ಬಗೆ ಗಮನಿಸತಕ್ಕದ್ದು. ಅಮೆರಿಕದ ಎಟಿ ಅಂಡ್ ಟಿ ಕಂಪನಿ ಅನ್‌ಲಿಮಿಟೆಡ್ ಪ್ಲ್ಯಾನ್ ಮಾರಿ, 2011ರಿಂದ ಹೆಚ್ಚು ಬಳಸುವವರ ವೇಗ ಇಳಿಸತೊಡಗಿತು. ಕೆಲವರಿಗೆ ತಿಂಗಳಿಗೆ 2 ಜಿಬಿ ಬಳಸಿದ ಕೂಡಲೇ ಕಡಿತ ಶುರುವಾಗುತ್ತಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಮೊಕದ್ದಮೆ ಹೂಡಿತು. ಕಡಿತಕ್ಕೆ ಒಳಗಾದವರು 35 ಲಕ್ಷಕ್ಕೂ ಹೆಚ್ಚು ಗ್ರಾಹಕರು ಎಂಬುದು ಅದರ ಆರೋಪ. 2019ರ ನವೆಂಬರ್‌ನಲ್ಲಿ ಕಂಪನಿ 6 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಮಿತಿಯನ್ನು ಎದ್ದು ಕಾಣುವಂತೆ ಹೇಳದೆ ಅನ್‌ಲಿಮಿಟೆಡ್ ಎನ್ನುವಂತಿಲ್ಲ ಎಂಬುದು ರಾಜಿಯ ಷರತ್ತು. ಬ್ರಿಟನ್ನಿನ ಜಾಹೀರಾತು ನಿಯಮಗಳು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಕಡಿತ ಸೌಮ್ಯವಾಗಿದ್ದರೆ ಮಾತ್ರ ಆ ಪದ ಬಳಸಬಹುದು ಎನ್ನುತ್ತವೆ.

ಕಡಿತ ಸೌಮ್ಯವಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾ ಉದಾಹರಣೆ. 2018ರ ಬೇಸಿಗೆಯಲ್ಲಿ ಮೆಂಡೊಸಿನೊ ಕಾಡ್ಗಿಚ್ಚು ನಂದಿಸುತ್ತಿದ್ದ ಸಾಂಟಾ ಕ್ಲಾರಾ ಕೌಂಟಿ ಅಗ್ನಿಶಾಮಕ ದಳದ ಸಂಪರ್ಕ ವಾಹನದ ಡೇಟಾ ವೇಗವನ್ನು ವೆರೈಝನ್ ಕಂಪನಿ ಇಳಿಸಿತ್ತು. ದಳವೂ ಅನ್‌ಲಿಮಿಟೆಡ್ ಎನ್ನಲಾದ ಪ್ಲ್ಯಾನನ್ನೇ ಹೊಂದಿತ್ತು. ತುರ್ತು ಸೇವೆಗೆ ಹೀಗೆ ಮಾಡಿದ್ದು ತಪ್ಪು ಎಂದು ಕಂಪನಿ ನಂತರ ಒಪ್ಪಿಕೊಂಡಿತು.

ಕಂಪನಿಗಳ ವಾದಗಳು

ಜಗತ್ತಿನಲ್ಲೇ ಅಗ್ಗದ ದರಗಳಲ್ಲಿ ಒಂದನ್ನು ಪಡೆಯುತ್ತಿರುವ ಗ್ರಾಹಕರು ಮಿತಿಯ ಬಗ್ಗೆ ದೂರುವುದು ಸರಿಯಲ್ಲ ಎಂಬುದು ಮೊದಲ ವಾದ. ದರ ಅಗ್ಗವೆಂಬುದು ನಿಜ, ಟವರ್ ಮತ್ತು ತರಂಗಾಂತರಕ್ಕೆ ದೊಡ್ಡ ಬಂಡವಾಳ ಬೇಕೆಂಬುದೂ ನಿಜ. ಆದರೆ ಅಗ್ಗದ ಸರಕಿನ ಮೇಲೂ ತೂಕ ಸರಿಯಾಗಿ ಬರೆದಿರಬೇಕು. ಉಳಿದ ಡೇಟಾ ಕಳೆದುಹೋಗುತ್ತದೆ ಎಂಬ ಲೆಕ್ಕದ ಮೇಲೆ ದರ ನಿಂತಿದ್ದರೆ, ಅದನ್ನು ಗ್ರಾಹಕರಿಗೆ ಉಳಿಸಿಕೊಟ್ಟಾಗ ದರ ಸ್ವಲ್ಪ ಏರಬಹುದು. ಆ ಏರಿಕೆ ಪ್ಲ್ಯಾನ್‌ನ ಬೆಲೆಯಲ್ಲಿ ಮೊದಲೇ ಕಾಣುತ್ತದೆ. ಭಾನುವಾರ ಮಧ್ಯಾಹ್ನ 29 ರೂಪಾಯಿಯ ರೂಪದಲ್ಲಿ ಅಚಾನಕ್ಕಾಗಿ ಎರಗುವುದಿಲ್ಲ.

ಇಷ್ಟವಿಲ್ಲದವರು ಬೇರೆ ಕಂಪನಿಗೆ ಹೋಗಬಹುದು ಎಂಬುದು ಎರಡನೆಯ ವಾದ. ಮೂರೂ ಖಾಸಗಿ ಕಂಪನಿಗಳಲ್ಲಿ ದಿನದ ಪಾಲಿನ ಪದ್ಧತಿಯೂ ಒಂದೇ, ಪಾಲು ಮುಗಿದ ಮೇಲಿನ ವೇಗವೂ ಒಂದೇ ಆಗಿರುವಾಗ ಹೋಗುವುದಾದರೂ ಎಲ್ಲಿಗೆ? ಶಿವಮೊಗ್ಗ ನಗರದಲ್ಲಿ ನಾಲ್ಕು ಸಿಗ್ನಲ್ ಸಿಗಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಒಂದು ಸಿಕ್ಕರೆ ಪುಣ್ಯ. ಕೋವಿಡ್ ಕಾಲದಲ್ಲಿ ಆನ್‌ಲೈನ್ ತರಗತಿಗಾಗಿ ಮಕ್ಕಳು ಗುಡ್ಡ ಹತ್ತಿದ, ಮುಂದೆ 'ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ' ಎಂದು ಊರವರು ಘೋಷಣೆ ಕೂಗಿದ ಜಿಲ್ಲೆ ಇದು. ಅಲ್ಲಿ ಆಯ್ಕೆ ಎಂಬ ಮಾತಿಗೆ ಅರ್ಥವಿಲ್ಲ.

ಅಗತ್ಯ ಸೇವೆಗಳಿಗೆ ಮಾತ್ರ ವೇಗ ಉಳಿಸಿ ಉಳಿದದ್ದಕ್ಕೆ ಕಡಿತ ಹಾಕಬಹುದಲ್ಲ ಎಂಬ ಸಲಹೆಯೂ ಇದೆ. ಅದು ಮೇಲ್ನೋಟಕ್ಕೆ ಚೆಂದ, ಒಳಗೆ ಅಪಾಯಕಾರಿ. ಯಾವ ಆ್ಯಪ್ ಅಗತ್ಯದ್ದು ಎಂದು ತೀರ್ಮಾನಿಸುವ ಅಧಿಕಾರ ಕಂಪನಿಗೆ ಸಿಕ್ಕರೆ ಅದು ತನ್ನದೇ ಆ್ಯಪ್‌ಗೆ ದಾರಿ ಬಿಡುತ್ತದೆ. ಟ್ರಾಯ್ 2016ರ ಫೆಬ್ರುವರಿ 8ರಂದು ವಿಷಯಾಧಾರಿತ ದರ ತಾರತಮ್ಯವನ್ನು ನಿಷೇಧಿಸಿದ್ದು, 2018ರಲ್ಲಿ ಕೇಂದ್ರ ಸರ್ಕಾರ ಅಂತರ್ಜಾಲ ಸಮಾನತೆಯ ತತ್ವವನ್ನು ಅಂಗೀಕರಿಸಿದ್ದು ಈ ಕಾರಣಕ್ಕೇ. ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಹೆಚ್ಚು ಹಣ ಕೊಡುವವರಿಗೆ ಜಾಲದಲ್ಲಿ ಆದ್ಯತೆ ಎಂಬ ಪ್ಲ್ಯಾನ್ ತಂದಾಗಲೂ ಟ್ರಾಯ್ 2020ರ ಜುಲೈನಲ್ಲಿ ಅದನ್ನು ತಡೆಹಿಡಿಯಲು ಸೂಚಿಸಿ, ಉಳಿದ ಗ್ರಾಹಕರ ಸೇವೆಯ ಗತಿ ಏನು ಎಂದು ಕೇಳಿತು. ಆದ್ದರಿಂದ ಅಗತ್ಯಗಳನ್ನು ಕಾಪಾಡುವ ತಾರತಮ್ಯವಿಲ್ಲದ ದಾರಿ ಒಂದೇ: ಯಾವ ಆ್ಯಪ್ ಎಂದು ನೋಡದೆ ಎಲ್ಲರಿಗೂ ಬಳಸಬಹುದಾದ ಕನಿಷ್ಠ ವೇಗ.

ಹೇಗಿರಬೇಕು

ಮೊದಲನೆಯದು ಹೆಸರು. ದಿನಕ್ಕೆ 1.5 ಜಿಬಿ ಕೊಡುವ ಪ್ಲ್ಯಾನ್ ಆ ಸಂಖ್ಯೆಯಿಂದಲೇ ಮಾರಾಟವಾಗಲಿ. ರೀಚಾರ್ಜ್ ಅಂಗಡಿಯವರು ಈಗಾಗಲೇ 'ಒಂದೂವರೆ ಜಿಬಿ ಪ್ಯಾಕಾ, ಎರಡು ಜಿಬಿದಾ' ಎಂದೇ ಕೇಳುತ್ತಾರೆ. ಅಂಗಡಿಯಲ್ಲಿರುವ ಪ್ರಾಮಾಣಿಕತೆ ಜಾಹೀರಾತಿಗೂ ಬರಬೇಕು.

ಎರಡನೆಯದು ಅವಧಿ. ದಿನದ ಬದಲು ಪ್ಲ್ಯಾನ್‌ನ ಪೂರ್ತಿ ಅವಧಿಗೆ ಒಟ್ಟು ಪಾಲು ಇರಲಿ, ಅಥವಾ ಇಂದು ಉಳಿದದ್ದು ನಾಳೆಗೆ ಸೇರಲಿ. ಇದು ಅಸಾಧ್ಯವೇನಲ್ಲ. ವಿ ಕಂಪನಿ ವಾರದ ದಿನಗಳಲ್ಲಿ ಉಳಿದ ಡೇಟಾವನ್ನು ಶನಿವಾರ, ಭಾನುವಾರ ಬಳಸುವ ಸೌಲಭ್ಯವನ್ನೂ, ನಡುರಾತ್ರಿಯ ನಂತರದ ಬಳಕೆಯನ್ನು ಲೆಕ್ಕಕ್ಕೆ ಹಿಡಿಯದ ಸೌಲಭ್ಯವನ್ನೂ ಕೆಲವು ಪ್ಲ್ಯಾನ್‌ಗಳಲ್ಲಿ ಕೊಟ್ಟಿದೆ. ಒಂದು ಕಂಪನಿಗೆ ಸಾಧ್ಯವಾದದ್ದನ್ನು ಎಲ್ಲರಿಗೂ ಕಡ್ಡಾಯ ಮಾಡಬಹುದು.

ಮೂರನೆಯದು ಕಡಿತದ ಸಮಯ ಮತ್ತು ತಳಮಟ್ಟ. 512 ಕಿಲೊಬಿಟ್ ಇದ್ದರೆ 5 ಎಂಬಿಯ ಟಿಪ್ಪಣಿ ಒಂದೂವರೆ ನಿಮಿಷದೊಳಗೆ ಇಳಿಯುತ್ತದೆ, ಪಾವತಿ ನಡೆಯುತ್ತದೆ. ಆದರೆ ಆ ವೇಗದಲ್ಲಿ ದಿನವಿಡೀ ಎಳೆದರೆ ಐದು ಜಿಬಿ ದಾಟುತ್ತದೆ ಎಂಬ ಕಂಪನಿಗಳ ಆತಂಕವನ್ನು ತಳ್ಳಿಹಾಕಲಾಗದು. ಟವರ್ ತುಂಬಿದ ಹೊತ್ತಿನಲ್ಲಿ ಮಾತ್ರ, ಪಾಲು ಮುಗಿಸಿದವರ ವೇಗವನ್ನು ಇನ್ನಷ್ಟು ಇಳಿಸಿ, ದಟ್ಟಣೆ ಕರಗಿದಾಗ ಮತ್ತೆ 512ಕ್ಕೆ ತರುವುದು ಇದಕ್ಕೆ ಪರಿಹಾರ. ಅಮೆರಿಕದ ಕಂಪನಿಗಳು ಹೀಗೆ ದಟ್ಟಣೆ ನೋಡಿ ಸರದಿಯಲ್ಲಿ ಹಿಂದೆ ಹಾಕುವ ವಿಧಾನವನ್ನು ವರ್ಷಗಳಿಂದ ಬಳಸುತ್ತಿವೆ.

ನಾಲ್ಕನೆಯದು ನಿಜವಾದ ಅತಿಬಳಕೆ. ಏರ್‌ಟೆಲ್‌ನ ಮಿತಿಯಿಲ್ಲದ 5ಜಿ ಕೊಡುಗೆಯ ಷರತ್ತಿನಲ್ಲಿ 30 ದಿನಕ್ಕೆ 300 ಜಿಬಿ ದಾಟಿದರೆ ವಾಣಿಜ್ಯ ಬಳಕೆ ಎಂದು ಪರಿಗಣಿಸುವ ಮಾತಿದೆ. ಮಿತಿ ಉದಾರವಾದದ್ದೇ. ಅದು ಷರತ್ತುಗಳ ಪುಟದ ಒಳಗೆ ಉಳಿಯದೆ ಮುಂಭಾಗಕ್ಕೆ ಬರಬೇಕು. ಕ್ರಮಕ್ಕೆ ಮೊದಲು ಸೂಚನೆ, ಉತ್ತರಿಸಲು ಅವಕಾಶ ಇರಬೇಕು.

ಐದನೆಯದು ಬಹಿರಂಗತೆ. ಇಲ್ಲಿ ಭದ್ರಾ ನಾಲೆಯಿಂದ ಕಲಿಯಬೇಕಾದದ್ದಿದೆ. ನೀರು ಬಿಡುವ ದಿನ, ನಿಲ್ಲಿಸುವ ದಿನ, ಎಡದಂಡೆಗೆ ಎಷ್ಟು, ಬಲದಂಡೆಗೆ ಎಷ್ಟು ಎಂಬುದನ್ನು ನೀರಾವರಿ ಸಲಹಾ ಸಮಿತಿ ಸಭೆ ಸೇರಿ ತೀರ್ಮಾನಿಸುತ್ತದೆ. ಶಿವಮೊಗ್ಗ–ಭದ್ರಾವತಿ ರಸ್ತೆಯ ಮಲವಗೊಪ್ಪದಲ್ಲಿರುವ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಚೇರಿಯ ಮುಂದೆ ರೈತರು ಪ್ರಶ್ನೆ ಕೇಳುತ್ತಾರೆ, ತೀರ್ಮಾನ ಮರುದಿನ ಕನ್ನಡ ಪತ್ರಿಕೆಗಳಲ್ಲಿ ಬರುತ್ತದೆ. ಆ ವ್ಯವಸ್ಥೆಯಲ್ಲೂ ಲೋಪಗಳಿವೆ. ಕೊನೆಯಂಚಿನ ರೈತರು ಪ್ರತಿಭಟಿಸಿದ ವರ್ಷಗಳು ಕಡಿಮೆಯಿಲ್ಲ. ಆದರೆ ಜಲಾಶಯದಲ್ಲಿ ಎಷ್ಟು ಅಡಿ ನೀರಿದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದಲೇ ಅವರು ಪ್ರತಿಭಟಿಸಬಲ್ಲರು. ಟವರ್‌ನ ನೀರಿನ ಮಟ್ಟ ಯಾರಿಗೂ ಗೊತ್ತಿಲ್ಲ. ಟ್ರಾಯ್ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳು ಸಿಗ್ನಲ್ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆ ಪ್ರಕಟಿಸಲು ಕಂಪನಿಗಳಿಗೆ ಹೇಳಿವೆ. ಅದೇ ನಕ್ಷೆಯ ಮೇಲೆ, ವಾರ್ಡ್‌ವಾರು, ಯಾವ ಹೊತ್ತಿನಲ್ಲಿ ಎಷ್ಟು ದಟ್ಟಣೆ ಎಂಬುದೂ ಬರಬೇಕು. ಪಾಲು ಮುಗಿಯುತ್ತಿದೆ ಎಂಬ ಸಂದೇಶ ಗ್ರಾಹಕರು ಆರಿಸಿದ ಭಾಷೆಯಲ್ಲಿ, ಕರ್ನಾಟಕದಲ್ಲಿ ಮೊದಲ ಆಯ್ಕೆಯಾಗಿ ಕನ್ನಡದಲ್ಲಿ ಬರಬೇಕು.

ಇವು ಜಾರಿಗೆ ಬರುವವರೆಗೂ ಗ್ರಾಹಕರು ಬರಿಗೈಯಲ್ಲಿಲ್ಲ. ಮಾತಿಗೂ ಸೇವೆಗೂ ತಾಳೆಯಾಗದಿದ್ದರೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ, ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಸಂಪರ್ಕದ ದೂರುಗಳನ್ನು ಗ್ರಾಹಕರ ವೇದಿಕೆಗಳೂ ವಿಚಾರಣೆ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿ 16ರಂದು ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ದೂರಿನ ಸಂಖ್ಯೆ, ಪ್ಲ್ಯಾನ್‌ನ ಜಾಹೀರಾತು, ವೇಗ ಇಳಿದ ದಿನಾಂಕ ಮತ್ತು ಸಮಯ ಇಷ್ಟನ್ನು ಬರೆದಿಟ್ಟುಕೊಂಡರೆ, ರಾಗಿಗುಡ್ಡದ ಆ ಮನೆಯ ಹುಡುಗಿಯೂ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ತನ್ನ ಭಾನುವಾರಗಳ ಲೆಕ್ಕ ಕೇಳಬಹುದು.